ತುದಿಯಲ್ಲಿ ಹಗುರಾಗುವ ಬಿಲ್ಲು

ಬಿಲ್ಲುಗಾರನ ಪೀಕಲಾಟ ಬಿಲ್ಲಿನಷ್ಟೇ ಹಳೆಯದು. ಹೆದೆ ಎಳೆಯುತ್ತ ಹೋದಂತೆ ಭಾರ ಏರುತ್ತದೆ. ಹೆದೆ ಕೆನ್ನೆಗೆ ತಾಗುವ ಹೊತ್ತಿಗೆ, ಅಂದರೆ ಉಸಿರು ಹಿಡಿದು ಗುರಿ ನೋಡಬೇಕಾದ ಗಳಿಗೆಯಲ್ಲೇ, ಭಾರ ಎಲ್ಲಕ್ಕಿಂತ ಹೆಚ್ಚು. ಗಟ್ಟಿ ಬಿಲ್ಲು ಹಿಡಿದರೆ ಬಾಣಕ್ಕೆ ಬಲ ಬರುತ್ತದೆ, ಕೈ ನಡುಗುತ್ತದೆ. ಮೆದು ಬಿಲ್ಲು ಹಿಡಿದರೆ ಕೈ ನಿಲ್ಲುತ್ತದೆ, ಬಾಣ ಸೊರಗುತ್ತದೆ. ಈ ತೊಡಕನ್ನು ಸಂಡೂರು ಬೆಟ್ಟಗಳ ಆಚೆಗಿರುವ ಹಂಪಿಯಲ್ಲಿ ಒಬ್ಬ ಅರಸ ಒಂದು ಬಗೆಯಲ್ಲಿ ಎದುರಿಸಿದ. ಐನೂರು ವರ್ಷಗಳ ನಂತರ ಅಮೆರಿಕದ ಒಬ್ಬ ಬೇಟೆಗಾರ ಅದರ ಬುಡಕ್ಕೇ ಕೈ ಹಾಕಿದ.

ಅರಸ ಎಂದರೆ ವಿಜಯನಗರದ ಇಮ್ಮಡಿ ದೇವರಾಯ. ಬಹಮನಿಗಳ ಎದುರು ಮತ್ತೆ ಮತ್ತೆ ಸೋಲುವುದೇಕೆ ಎಂದು ಆತ ಸಭೆಯಲ್ಲಿ ಕೇಳಿದನಂತೆ. ಅವರ ಕುದುರೆಗಳು ಬಲವಾದವು, ಅವರ ಬಿಲ್ಲುಗಾರರು ನಮ್ಮವರಿಗಿಂತ ನುರಿತವರು ಎಂಬ ಉತ್ತರ ಬಂತು ಎಂದು ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ದೇವರಾಯ ಮುಸ್ಲಿಂ ಬಿಲ್ಲುಗಾರರನ್ನು ಸೇನೆಗೆ ಸೇರಿಸಿಕೊಂಡ, ಜಹಗೀರು ಕೊಟ್ಟ, ತನ್ನ ಸೈನಿಕರಿಗೆ ಬಿಲ್ವಿದ್ಯೆ ಕಲಿಸಲು ನೇಮಿಸಿದ. ಹೀಗೆ 2,000 ಮುಸ್ಲಿಮರೂ 60,000 ಹಿಂದೂಗಳೂ ಪಳಗಿದ ಬಿಲ್ಲುಗಾರರಾಗಿ ನಿಂತರು ಎಂಬುದು ಫೆರಿಷ್ತಾನ ಲೆಕ್ಕ. ಅಂಕಿ ಉಬ್ಬಿರಬಹುದು, ಆದರೆ ಆ ಕಾಲದ ಗುರುತು ಹಂಪಿಯಲ್ಲಿ ಉಳಿದಿದೆ. ದೇವರಾಯನ ಅಧಿಕಾರಿ ಅಹಮದ್ ಖಾನ್ 1439ರಲ್ಲಿ ತನ್ನ ಒಡೆಯನ ಪುಣ್ಯಕ್ಕಾಗಿ ಕಟ್ಟಿಸಿದ ಮಸೀದಿಯನ್ನು ಅಲ್ಲಿನ ಶಾಸನ ಧರ್ಮಸಾಲೆ ಎಂದು ಕರೆಯುತ್ತದೆ.

ಕುದುರೆ ಮೇಲಿನ ಸೈನಿಕರು ಆಗ ಹಿಡಿಯುತ್ತಿದ್ದುದು ಮರ, ಕೊಂಬು, ಪ್ರಾಣಿಯ ನರಗಳನ್ನು ಅಂಟಿಸಿ ಮಾಡಿದ ಗಿಡ್ಡ ಬಿಲ್ಲು. ಬಗ್ಗಿದಾಗ ಒಳಮೈಯ ಕೊಂಬು ಒತ್ತಡ ತಾಳುತ್ತದೆ, ಹೊರಮೈಯ ನರ ಎಳೆತ ತಾಳುತ್ತದೆ. ಹಾಗಾಗಿ ಗಿಡ್ಡವಾದರೂ ಅದರಲ್ಲಿ ಬಲ ಬಹಳ. ಆದರೂ ಅದರ ಭಾರ ಕೊನೆಯಲ್ಲೇ ಹೆಚ್ಚು. ದೇವರಾಯ ಮಾಡಬಹುದಾಗಿದ್ದು ಆ ಭಾರಕ್ಕೆ ತಕ್ಕ ತೋಳುಗಳನ್ನು ಪಳಗಿಸುವುದು. ಮುಂದೆಯೂ ಜಗತ್ತಿನಾದ್ಯಂತ ಅದೇ ದಾರಿ ನಡೆಯಿತು.

ಆ ಅಮೆರಿಕದ ಬೇಟೆಗಾರ ಹಾಲಿಸ್ ವಿಲ್ಬರ್ ಅಲೆನ್ ಹುಟ್ಟಿದ್ದು 1909ರಲ್ಲಿ, ಮಿಸೌರಿ ರಾಜ್ಯದವನು. ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗುತ್ತಿದ್ದವನಿಗೆ ಕಾಡಿದ್ದು ಕೈನಡುಕವಲ್ಲ, ಬಾಣದ ನಿಧಾನ. ಹೆದೆಯ ಸದ್ದು ಕೇಳಿ ಜಿಂಕೆ ಪಕ್ಕಕ್ಕೆ ಚಿಮ್ಮುವಷ್ಟರಲ್ಲಿ ಬಾಣ ಅಲ್ಲಿಗೆ ತಲುಪಿರುತ್ತಿರಲಿಲ್ಲ. ಅದೇ ತೋಳಿನ ಬಲದಿಂದ ಇನ್ನಷ್ಟು ವೇಗ ಹೊರಡಿಸುವುದು ಹೇಗೆ ಎಂದು ತಲೆ ಕೆಡಿಸಿಕೊಂಡ ಆತ, ತುದಿಗಳು ಮುಂದಕ್ಕೆ ಬಾಗಿದ ಒಂದು ರಿಕರ್ವ್ ಬಿಲ್ಲಿನ ಎರಡೂ ತುದಿಗಳನ್ನು ಗರಗಸದಿಂದ ಕೊಯ್ದು ಅಲ್ಲಿ ಗಾಲಿಗಳನ್ನು ಕೂರಿಸಿದ.

ಗುಟ್ಟು ಇರುವುದು ಗಾಲಿಯ ತೂತಿನಲ್ಲಿ. ಬಾವಿಯ ರಾಟೆಯಲ್ಲಿ ಅಚ್ಚು ನಟ್ಟನಡುವೆ ಇರುತ್ತದೆ, ಕೊಡ ಮೇಲೆ ಬರುವವರೆಗೂ ಹಗ್ಗದ ಭಾರ ಒಂದೇ ಸಮ. ಅಲೆನ್ ಗಾಲಿಯ ಅಚ್ಚನ್ನು ನಡುವಿನಿಂದ ಸರಿಸಿದ. ಈ ಗಾಲಿಯ ಒಂದು ಬದಿಯಲ್ಲಿ ಹೆದೆ, ಇನ್ನೊಂದು ಬದಿಯಲ್ಲಿ ಎದುರು ತುದಿಗೆ ಕಟ್ಟಿದ ಕೇಬಲ್. ಎಳೆಯಲು ತೊಡಗಿದಾಗ ಅಚ್ಚಿನಿಂದ ಹೆದೆಗಿರುವ ದೂರ ಕಡಿಮೆ, ಕೇಬಲ್ಲಿಗಿರುವ ದೂರ ಹೆಚ್ಚು, ಎಳೆತ ಬಿಗಿ. ಗಾಲಿ ತಿರುಗುತ್ತ ತಿರುಗುತ್ತ ಈ ದೂರಗಳು ಅದಲುಬದಲಾಗುತ್ತವೆ. ಪೂರ್ತಿ ಎಳೆದ ಹೊತ್ತಿಗೆ ಬಾಗಿದ ಬಿಲ್ಲಿನ ಬಲದ ಬಹುಪಾಲನ್ನು ಗಾಲಿ ಹೊತ್ತಿರುತ್ತದೆ, ಬೆರಳಿಗೆ ಉಳಿಯುವುದು ಅದರ ಒಂದು ಪಾಲು ಮಾತ್ರ. ಇಂದಿನ 50 ಪೌಂಡಿನ ಬಿಲ್ಲಿನಲ್ಲಿ ಶೇ. 80ರಷ್ಟು ಭಾರ ಇಳಿದರೆ, ಗುರಿ ನೋಡುವಾಗ ಹಿಡಿದಿರುವುದು 10 ಪೌಂಡ್. ಬಾಣ ಬಿಟ್ಟಾಗ ಇದೇ ಕ್ರಮ ಹಿಂದುಮುಂದಾಗುತ್ತದೆ: ಮೊದಲು ಮೆಲ್ಲಗೆ ತಳ್ಳಿ, ಆಮೇಲೆ ಪೂರ್ತಿ ಬಲದಿಂದ ನೂಕುತ್ತದೆ.

ವೇಗ ಹುಡುಕಿ ಹೊರಟವನಿಗೆ ವೇಗದ ಜೊತೆ ಸ್ಥಿರತೆಯೂ ಸಿಕ್ಕಿತು. ಮುಂದೆ ಈ ಬಿಲ್ಲನ್ನು ಉಳಿಸಿ ಬೆಳೆಸಿದ್ದು ಈ ಎರಡನೆಯದೇ.

ಅಲೆನ್ 1966ರ ಜೂನ್‌ನಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ. 1969ರ ಡಿಸೆಂಬರ್ 30ರಂದು ಅದು ಕೈಗೆ ಬಂತು. ಕ್ಯಾಲಿಫೋರ್ನಿಯಾದ ಬಿಲ್ಲು ತಯಾರಕ ಟಾಮ್ ಜೆನ್ನಿಂಗ್ಸ್ ಇದರ ಬೆಲೆ ಮೊದಲೇ ಅರಿತು ಮಾರುಕಟ್ಟೆಗೆ ತಂದ. 1979ರಲ್ಲಿ ಅಲೆನ್ ಕಾರು ಅಪಘಾತದಲ್ಲಿ ತೀರಿಕೊಂಡ. ಬೇಟೆಗಾರರು ಈ ಬಿಲ್ಲನ್ನು ಬೇಗ ಒಪ್ಪಿಕೊಂಡರು, ಸ್ಪರ್ಧೆಯ ಮೈದಾನ ತಡ ಮಾಡಿತು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಾಂಪೌಂಡ್ ಎಂದು ಹೆಸರಾದ ಈ ಬಿಲ್ಲಿಗೆ ಜಾಗ ಸಿಕ್ಕಿದ್ದು 1995ರಲ್ಲಿ, ಜಕಾರ್ತದಲ್ಲಿ. ಏಷ್ಯನ್ ಕ್ರೀಡಾಕೂಟಕ್ಕೆ ಅದು ಬಂದದ್ದು 2014ರಲ್ಲಿ, ಇಂಚಿಯಾನ್‌ಗೆ. ಆ ವರ್ಷವೇ ಭಾರತದ ಪುರುಷರ ತಂಡ ಚಿನ್ನ ಗೆದ್ದಿತು. ಒಲಿಂಪಿಕ್ಸ್‌ಗೆ 2028ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ, ಮಿಶ್ರ ತಂಡದ ಸ್ಪರ್ಧೆಯಾಗಿ ಬರಲಿದೆ.

ಈಗ ಸಂಡೂರು ತಾಲ್ಲೂಕಿನ ಯಶವಂತನಗರದ ಒಬ್ಬ ಹುಡುಗಿ ಮೊದಲ ಸ್ಪರ್ಧೆಗೆ ಸಿದ್ಧಳಾಗುತ್ತಿದ್ದಾಳೆ ಎಂದುಕೊಳ್ಳೋಣ. ಅಲೆನ್ ಕೊಟ್ಟ ವರದ ಜೊತೆಗೆ ಒಂದು ಷರತ್ತೂ ಆಕೆಯ ಕೈಗೆ ಬರುತ್ತದೆ. ಭಾರ ಇಳಿಯುವುದು ಹೆದೆಯ ದಾರಿಯಲ್ಲಿ ಒಂದೇ ಒಂದು ಜಾಗದಲ್ಲಿ. ಸಾದಾ ಬಿಲ್ಲನ್ನು ಅವರವರ ತೋಳಿಗೆ ತಕ್ಕಂತೆ ಎಳೆಯಬಹುದು. ಕಾಂಪೌಂಡ್ ಬಿಲ್ಲಿನ ಎಳೆತದ ಉದ್ದವನ್ನು ಗಾಲಿಯೇ ನಿಗದಿ ಮಾಡಿರುತ್ತದೆ. ಆದ್ದರಿಂದ ಮೊದಲ ಕೆಲಸ ಈ ಉದ್ದವನ್ನು, ಅಂದರೆ ಡ್ರಾ ಲೆಂಗ್ತ್ ಅನ್ನು, ಹೊಂದಿಸುವುದು. ಎರಡೂ ಕೈ ಚಾಚಿದಾಗಿನ ಅಳತೆಯನ್ನು ಎರಡೂವರೆಯಿಂದ ಭಾಗಿಸಿದರೆ ಒಂದು ಅಂದಾಜು ಸಿಗುತ್ತದೆ: 63 ಇಂಚಿಗೆ ಸುಮಾರು 25 ಇಂಚು. ಇದು ಶುರು ಮಾಡಲಷ್ಟೇ. ಕೊನೆಯ ತೀರ್ಪು ಮೈಯದು. ಉದ್ದ ಹೆಚ್ಚಾದರೆ ತಲೆ ಹಿಂದಕ್ಕೆ ವಾಲುತ್ತದೆ, ಹೆದೆ ಮುಂಗೈಗೆ ಬಡಿಯುತ್ತದೆ. ಕಡಿಮೆಯಾದರೆ ಹೆಗಲು ಮುದುಡುತ್ತದೆ.

ಆಮೇಲೆ ಎಳೆತದ ಭಾರ. ಸ್ಪರ್ಧೆಯಲ್ಲಿ 60 ಪೌಂಡ್ ಮೀರುವಂತಿಲ್ಲ. ಹೊಸಬರು ಆ ಗಡಿಯ ಹತ್ತಿರ ಹೋಗುವ ಅಗತ್ಯವೂ ಇಲ್ಲ. ಬಿಲ್ಲನ್ನು ಆಕಾಶಕ್ಕೆ ಎತ್ತದೆ, ಗುರಿಯ ನೇರಕ್ಕೇ ಹಿಡಿದು ಎಳೆಯಲು ಆಗುವಷ್ಟು ಸಾಕು. ಭಾರ ಹೊಂದಿಸುವ ಮೇಲಿನ ಮತ್ತು ಕೆಳಗಿನ ಬೋಲ್ಟ್‌ಗಳನ್ನು ಸಮನಾಗಿ ತಿರುಗಿಸಬೇಕು. ಎರಡು ಕ್ಯಾಮ್, ಅಂದರೆ ತುದಿಯ ಗಾಲಿಗಳು, ಇರುವ ಬಿಲ್ಲಾದರೆ ಎರಡೂ ಒಟ್ಟಿಗೇ ಕೊನೆ ಮುಟ್ಟುತ್ತವೆಯೇ ಎಂದು ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಬೇಕು. ಹೆದೆ, ಕೇಬಲ್ ಬಿಚ್ಚುವ ಕೆಲಸಕ್ಕೆ ಬಿಲ್ಲನ್ನು ಒತ್ತಿ ಹಿಡಿಯುವ ಬೋ ಪ್ರೆಸ್ ಬೇಕು, ಅದನ್ನು ಬಲ್ಲವರ ಕೈ ಬೇಕು. ಬಾಣ ಹೂಡದೆ ಹೆದೆ ಬಿಡುವುದಂತೂ ಕೂಡದು. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿಗೇ ಮರಳಿ ಅದು ಒಡೆಯಬಹುದು.

ಪೀಪ್ ಎಂದರೆ ಹೆದೆಯೊಳಗೆ ಕೂರಿಸಿದ ಸಣ್ಣ ಕಿಂಡಿ. ಕಣ್ಣು ಮುಚ್ಚಿ ಎಳೆದು, ಕೈ ದವಡೆಗೆ ತಾಗಿ ನಿಂತ ಮೇಲೆ ಕಣ್ಣು ತೆರೆದರೆ, ಕಿಂಡಿ ಕಣ್ಣೆದುರಿಗೇ ಇರಬೇಕು. ಕತ್ತು ಬಗ್ಗಿಸಿ ಅದನ್ನು ಹುಡುಕುವಂತಾದರೆ ಕಿಂಡಿಯನ್ನೇ ಸರಿಸಬೇಕು. ಇದು ಅತಿ ನಾಜೂಕೆನಿಸಿದರೆ ಲೆಕ್ಕ ಹಾಕಿ ನೋಡಿ. ಪೀಪ್‌ಗೂ ಗುರಿ ನೋಡಲು ಬಿಲ್ಲಿನ ಮುಂದೆ ಜೋಡಿಸಿದ ಸ್ಕೋಪ್‌ಗೂ ನಡುವೆ ಸುಮಾರು 80 ಸೆಂ.ಮೀ. ಇದ್ದರೆ, ಇಲ್ಲಿನ 1 ಮಿ.ಮೀ. ವ್ಯತ್ಯಾಸ 50 ಮೀಟರ್ ಆಚೆ ಸುಮಾರು 6 ಸೆಂ.ಮೀ. ಆಗುತ್ತದೆ. ಕಾಂಪೌಂಡ್ ಗುರಿಹಲಗೆಯಲ್ಲಿ ಹತ್ತರ ವೃತ್ತದ ವ್ಯಾಸವೇ 8 ಸೆಂ.ಮೀ. ನಟ್ಟನಡುವೆ ನೆಡಬೇಕಾದ ಬಾಣ ಒಂಬತ್ತಕ್ಕೆ ಜಾರಿತು.

ಬಾಣ ನೆಟ್ಟಗೆ ಹೊರಡುತ್ತಿದೆಯೇ ಎಂದು ತಿಳಿಯಲು ಚೌಕಟ್ಟಿಗೆ ಕಾಗದ ಬಿಗಿದು, ಒಂದೆರಡು ಮೀಟರಿನಿಂದ ಅದರ ಮೂಲಕ ಹೊಡೆಯುತ್ತಾರೆ. ಗರಿಗಳ ಸೀಳು ಮೊನೆಯ ತೂತಿಗಿಂತ ಮೇಲಿದ್ದರೆ, ಬಾಣವನ್ನು ಹೆದೆಗೆ ಸಿಕ್ಕಿಸುವ ಜಾಗ ಎತ್ತರವಾಗಿದೆ ಎಂದರ್ಥ. ಪಕ್ಕಕ್ಕೆ ಸೀಳಿದ್ದರೆ ಬಾಣ ಕೂರುವ ರೆಸ್ಟ್ ಅನ್ನು ಕೂದಲೆಳೆಯಷ್ಟು ಸರಿಸುವ ಮುನ್ನ, ಅಂಗೈ ಹಿಡಿಕೆಯನ್ನು ಹಿಂಡುತ್ತಿದೆಯೇ ಎಂದು ನೋಡುವುದು ಒಳ್ಳೆಯದು. ಎಲ್ಲ ಬಾಣಗಳೂ ಒಂದೇ ಬಗೆಯವಾಗಿರಬೇಕು, ಮೇಲೆ ಸ್ಪರ್ಧಿಯ ಹೆಸರು ಅಥವಾ ಇನಿಷಿಯಲ್ ಇರಬೇಕು, ಇದು ನಿಯಮ.

ಬಳ್ಳಾರಿ ಸೀಮೆಯವರಿಗೆ ಇನ್ನೊಂದು ಮಾತು: ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಲ್ಲು ಬಿಟ್ಟು ಹೋಗಬಾರದು. ಆ ಕಾವಿಗೆ ಹೆದೆ, ಕೇಬಲ್‌ಗಳು ಹಿಗ್ಗಿ ಕ್ಯಾಮ್‌ಗಳ ಹೊಂದಿಕೆ ಕೆಡಬಹುದು. ಕ್ಯಾಮ್ ಮೇಲೆ ಮೊದಲೇ ಮಾರ್ಕರಿನಿಂದ ಗೆರೆ ಎಳೆದಿಟ್ಟರೆ ಸರಿದದ್ದು ಮೈದಾನದಲ್ಲೇ ಗೊತ್ತಾಗುತ್ತದೆ. ಆಷಾಢದ ಗಾಳಿಯಲ್ಲಿ ಬಿಲ್ಲು ವಾಲಿದರೆ ಹೇಳಲು ಸ್ಕೋಪ್‌ನಲ್ಲಿ ರಸಮಟ್ಟದ ಗುಳ್ಳೆ ಇದೆ. ಅದನ್ನು ಪ್ರತಿ ಬಾಣಕ್ಕೂ ನೋಡುವ ರೂಢಿ ಬೇಕು.

2023ರ ಬರ್ಲಿನ್ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಭಾರತದ ಓಜಸ್ ದೇವತಳೆ ಹದಿನೈದು ಬಾಣಗಳಿಗೆ 150ಕ್ಕೆ 150 ಅಂಕ ಪಡೆದರು. ಎದುರಾಳಿ ಪಡೆದದ್ದು 149. ಅದೇ ಕೂಟದಲ್ಲಿ ಮಹಿಳೆಯರ ಚಿನ್ನ ಗೆದ್ದ ಅದಿತಿ ಸ್ವಾಮಿಗೆ ಆಗ 17 ವರ್ಷ. ತೋಳ್ಬಲವನ್ನು ಗಾಲಿ ವಹಿಸಿಕೊಂಡ ಮೇಲೆ ಸ್ಪರ್ಧೆಯಲ್ಲಿ ಅಳೆಯುವುದು ಒಂದನ್ನೇ: ಒಂದೇ ಕೆಲಸವನ್ನು ಒಂದೇ ಬಗೆಯಲ್ಲಿ ಎಷ್ಟು ಸಲ ಮಾಡಬಲ್ಲಿರಿ ಎಂಬುದನ್ನು. ಹಾಗಾಗಿ ಯಶವಂತನಗರದ ಹುಡುಗಿ ಹೊಂದಿಸಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡಲಿ, ಕೊನೆಯ ವಾರದಲ್ಲಿ ಯಾವ ಬೋಲ್ಟನ್ನೂ ತಿರುಗಿಸದಿರಲಿ. ಯಾರೋ ಹೇಳಿದರೆಂದು ಹಿಂದಿನ ರಾತ್ರಿ ಬದಲಿಸಿದ ಬಿಲ್ಲಿಗಿಂತ, ತುಸು ಕೊರೆಯಿದ್ದರೂ ಕೈಗೆ ಪಳಗಿದ ಬಿಲ್ಲೇ ಹೆಚ್ಚು ಅಂಕ ಕೊಡುತ್ತದೆ.