ಮೀನಿನ ಮೊಟ್ಟೆಗೆ ಬಿಸಿ ತಟ್ಟಿದಾಗ

ಮಳೆಗಾಲ ಹಿಡಿಯಿತೆಂದರೆ ಮೀನುಮರಿ ಉತ್ಪಾದನಾ ಕೇಂದ್ರಗಳಲ್ಲಿ ಸಂಜೆಯ ಕೆಲಸ ಬಿರುಸಾಗುತ್ತದೆ. ಕಾಟ್ಲಾ, ರೋಹು, ಮೃಗಾಲ್ ತಾಯಿಮೀನುಗಳಿಗೆ ಹಾರ್ಮೋನ್ ಚುಚ್ಚುಮದ್ದು ಕೊಡುವುದು ಸಾಮಾನ್ಯವಾಗಿ ಹೊತ್ತು ಇಳಿದ ಮೇಲೆಯೇ. ಬಿಸಿಲಲ್ಲಿ ಹಿಡಿದರೆ ಮೀನು ಬಸವಳಿಯುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿರುವ ಕಾರಣ. ನನ್ನ ಪ್ರಕಾರ ಈ ರೂಢಿಯಲ್ಲಿ ಅದಕ್ಕಿಂತ ದೊಡ್ಡ ಲಾಭವೊಂದು ಅಡಗಿದೆ. ಸಂಜೆ ಚುಚ್ಚಿದ ಮೀನು ಸಾಮಾನ್ಯವಾಗಿ ನಡುರಾತ್ರಿಯಿಂದ ನಸುಕಿನೊಳಗೆ ಮೊಟ್ಟೆ ಬಿಡುತ್ತದೆ. ಹಾಗಾಗಿ ಭ್ರೂಣದ ತೀರಾ ನಾಜೂಕಾದ ಮೊದಲ ಗಂಟೆಗಳು ಇರುಳಿನ ತಂಪಿನಲ್ಲೇ ಕಳೆದುಹೋಗುತ್ತವೆ.

ಆ ಗಂಟೆಗಳೇ ಏಕೆ ನಾಜೂಕು ಎಂದು ತಿಳಿಯಲು ಜೀವಕೋಶದ ಒಳಗೆ ಇಣುಕಬೇಕು.

ಮೀನಿಗೆ ನಮ್ಮಂತೆ ಮೈಬಿಸಿಯನ್ನು ಕಾಯ್ದುಕೊಳ್ಳುವ ವ್ಯವಸ್ಥೆಯಿಲ್ಲ. ನೀರು ಎಷ್ಟು ಬಿಸಿಯೋ ಬಹುಪಾಲು ಮೀನುಗಳ ಕೋಶವೂ ಅಷ್ಟೇ ಬಿಸಿ. ಕೋಶದ ಕೆಲಸಗಾರರೆಂದರೆ ಪ್ರೋಟೀನುಗಳು. ಪ್ರತಿಯೊಂದಕ್ಕೂ ಅದರದೇ ಮಡಿಕೆಯಿದೆ, ಆ ಮಡಿಕೆ ಬಿಚ್ಚಿದರೆ ಕೆಲಸ ನಿಂತಿತು. ಬಿಸಿ ಹೆಚ್ಚಿದಾಗ ಮಡಿಕೆ ಸಡಿಲವಾಗಿ ಪ್ರೋಟೀನುಗಳು ಒಂದಕ್ಕೊಂದು ಅಂಟಿ ಗಂಟುಕಟ್ಟುತ್ತವೆ. ಆಗ ಕೋಶ ಶಾಖಾಘಾತ ಪ್ರೋಟೀನುಗಳೆಂಬ ರಕ್ಷಕರನ್ನು ಅವಸರದಲ್ಲಿ ತಯಾರಿಸುತ್ತದೆ. ಬಿಚ್ಚಿಕೊಂಡವನ್ನು ಹಿಡಿದು ಮತ್ತೆ ಮಡಚುವುದು, ಗಂಟುಕಟ್ಟದಂತೆ ತಡೆಯುವುದು ಇವುಗಳ ಕೆಲಸ. ಇಟಲಿಯ ಫೆರುಚ್ಚೊ ರಿತೋಸ್ಸಾ 1962ರಲ್ಲಿ ಹಣ್ಣುನೊಣಗಳಲ್ಲಿ ಈ ಪ್ರತಿಕ್ರಿಯೆಯ ಮೊದಲ ಸುಳಿವನ್ನು ಪ್ರಕಟಿಸಿದರು. ಆಮೇಲೆ ಅದು ಬ್ಯಾಕ್ಟೀರಿಯಾದಿಂದ ಮನುಷ್ಯನವರೆಗೆ ಕಂಡುಬಂತು.

ಕೋಶದ ಪೊರೆಯ ಕಥೆ ಅಡುಗೆಮನೆಯಲ್ಲೇ ಸಿಗುತ್ತದೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ, ಪಕ್ಕದ ಸೂರ್ಯಕಾಂತಿ ಎಣ್ಣೆ ಹಾಗೇ ಹರಿಯುತ್ತಿರುತ್ತದೆ. ಪೊರೆಯೂ ಕೊಬ್ಬಿನಿಂದಲೇ ಆದದ್ದು. ನೀರು ತಂಪಾದಾಗ ಗೆಂಡೆಮೀನು ತನ್ನ ಪೊರೆಯಲ್ಲಿ ಸುಲಭಕ್ಕೆ ಹೆಪ್ಪುಗಟ್ಟದ ಕೊಬ್ಬನ್ನು ಹೆಚ್ಚಿಸಿಕೊಳ್ಳುತ್ತದೆ, ಬಿಸಿಯಾದಾಗ ಕಡಿಮೆ ಮಾಡಿಕೊಳ್ಳುತ್ತದೆ. ಆದರೆ ಈ ಹೊಂದಾಣಿಕೆಗೆ ದಿನಗಳು ಬೇಕು. ಒಂದೇ ಮಧ್ಯಾಹ್ನದಲ್ಲಿ ನಾಲ್ಕೈದು ಡಿಗ್ರಿ ಏರಿದರೆ ಅದಕ್ಕೆ ಪುರುಸೊತ್ತೆಲ್ಲಿ?

ಬೆಳೆದ ಮೀನಿಗೆ ಇಷ್ಟಾದರೂ ಉಪಾಯಗಳಿವೆ. ಭ್ರೂಣದ ಪಾಡು ಬೇರೆ. ಇದನ್ನು ಗಂಟೆಗಂಟೆಗೂ ಗುರುತಿಸಲು ನೆರವಾದದ್ದು ನಮ್ಮ ದೇಶದ ತೊರೆ, ಗದ್ದೆಗಳಲ್ಲೂ ಸಿಗುವ ಪುಟ್ಟ ಜೀಬ್ರಾ ಮೀನು. ಅದರ ಮೊಟ್ಟೆ ಗಾಜಿನಷ್ಟು ತಿಳಿ. 28.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುಕ್ಕಾಲು ಗಂಟೆಗೆ ಒಂದು ಕೋಶ ಎರಡಾಗುತ್ತದೆ. ಆಮೇಲೆ ಸುಮಾರು ಕಾಲು ಗಂಟೆಗೊಮ್ಮೆ ದುಪ್ಪಟ್ಟಾಗುತ್ತಾ ಮೂರು ಗಂಟೆಗೆ ಸಾವಿರದಷ್ಟು ಕೋಶಗಳಾಗುತ್ತವೆ. ಅಲ್ಲಿಯವರೆಗೆ ಭ್ರೂಣದ ಸ್ವಂತ ವಂಶವಾಹಿಗಳು ಹೆಚ್ಚುಕಡಿಮೆ ಮೌನ. ನಡೆಯುವುದೆಲ್ಲ ತಾಯಿ ಮೊಟ್ಟೆಯೊಳಗೆ ತುಂಬಿಟ್ಟ ಬುತ್ತಿಯಿಂದ. ಹೀಗಾಗಿ ಈ ಹಂತದಲ್ಲಿ ಬಿಸಿ ತಟ್ಟಿದರೆ ಹೊಸದಾಗಿ ರಕ್ಷಕ ಪ್ರೋಟೀನುಗಳನ್ನು ಮಾಡಿಕೊಳ್ಳುವ ಶಕ್ತಿ ಭ್ರೂಣಕ್ಕಿಲ್ಲ. ತಾಯಿಯ ಬುತ್ತಿಯಲ್ಲಿ ಇದ್ದಷ್ಟೇ ಆಸರೆ.

ಕೋಶ ಇಬ್ಭಾಗವಾಗುವ ಕ್ಷಣವೂ ಅಷ್ಟೇ ಸೂಕ್ಷ್ಮ. ವರ್ಣತಂತುಗಳನ್ನು ಎರಡೂ ಕಡೆಗೆ ಎಳೆಯುವ ಸಣ್ಣ ನಾಳಗಳ ಚೌಕಟ್ಟು ಅತಿ ಬಿಸಿಗೂ ಅತಿ ತಂಪಿಗೂ ಕುಸಿಯುತ್ತದೆ. ಅಮೆರಿಕದ ಜಾರ್ಜ್ ಸ್ಟ್ರೈಸಿಂಗರ್ 1981ರಲ್ಲಿ ವರದಿ ಮಾಡಿದ ಪ್ರಯೋಗಗಳಲ್ಲಿ ಜೀಬ್ರಾ ಮೀನಿನ ಮೊಟ್ಟೆಗಳಿಗೆ ಸುಮಾರು 41 ಡಿಗ್ರಿ ಬಿಸಿಯನ್ನು ಎರಡೇ ನಿಮಿಷ ಕೊಟ್ಟು, ಮೊದಲ ವಿಭಜನೆಯನ್ನೇ ತಡೆದು, ವರ್ಣತಂತುಗಳ ಸಂಖ್ಯೆಯನ್ನು ಇಮ್ಮಡಿಯಾಗಿಸಿದ್ದರು. ಅದು ಬೇಕೆಂದೇ ಮಾಡಿದ್ದು. ಆದರೂ ಎರಡು ನಿಮಿಷ ಎಂಬ ಮಾತು ಮರಿ ಉತ್ಪಾದಕರ ನೆನಪಿನಲ್ಲಿ ಇರಬೇಕು.

ಜೀಬ್ರಾ ಮೀನಿನಲ್ಲಿ ಐದರಿಂದ ಹತ್ತು ಗಂಟೆಯೊಳಗೆ ಕೋಶಗಳು ಸರಿದಾಡಿ ತಲೆ ಯಾವ ಕಡೆ, ಬೆನ್ನು ಯಾವ ಕಡೆ ಎಂದು ಗೊತ್ತಾಗುತ್ತದೆ. ಆಮೇಲೆ ಬೆನ್ನುದ್ದಕ್ಕೂ ಸ್ನಾಯು ಮತ್ತು ಬೆನ್ನೆಲುಬಿನ ತುಂಡುಗಳು ಒಂದಾದ ಮೇಲೊಂದು ಕಟ್ಟಿಕೊಳ್ಳುತ್ತವೆ. ಈ ತಾಳ ತಪ್ಪಿದರೆ ಬೆನ್ನು ಸೊಟ್ಟಗಾದ ಮರಿ ಹೊರಬರುತ್ತದೆ. ಎಂದರೆ ಒಂದೇ ಬಿಸಿ ಮೊದಲ ಗಂಟೆಯಲ್ಲಿ ಕೊಲ್ಲಬಹುದು, ಹತ್ತನೆಯ ಗಂಟೆಯಲ್ಲಿ ಊನ ಮಾಡಬಹುದು, ಮೊಟ್ಟೆಯೊಡೆಯುವ ಹೊತ್ತಿಗೆ ಏನೂ ಮಾಡದೆ ಹೋಗಬಹುದು. ಎಷ್ಟು ಡಿಗ್ರಿ ಎಂಬುದರಷ್ಟೇ ಯಾವ ಗಂಟೆ ಎಂಬುದೂ ಮುಖ್ಯ.

ಇದರ ಜೊತೆಗೆ ಉಸಿರಿನ ಕಷ್ಟ. 20 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯದು ಏಳೂವರೆಯಷ್ಟೇ. ಬಿಸಿಗೆ ಭ್ರೂಣದ ಬೇಡಿಕೆ ಮಾತ್ರ ಏರುತ್ತದೆ. ಕಿವಿರಿಲ್ಲದ ಆ ಜೀವಕ್ಕೆ ಮೊಟ್ಟೆಯ ಸಿಪ್ಪೆಯ ಮೂಲಕ ಒಸರಿದ್ದೇ ಗತಿ. ಜರ್ಮನಿಯ ಸಂಶೋಧಕರು 694 ಜಾತಿಯ ಮೀನುಗಳ ಮಾಹಿತಿಯನ್ನು ಒಟ್ಟು ಸೇರಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು: ಬೆಳೆದ ಮೀನು ತಾಳುವ ಬಿಸಿಯ ಹರವು ಅಗಲ, ಭ್ರೂಣದ್ದೂ ಮೊಟ್ಟೆಯಿಡುವ ಮೀನಿನದೂ ತೀರಾ ಕಿರಿದು. ಹವಾಮಾನ ಬಿಸಿಯೇರುತ್ತಿರುವಾಗ ಮೊದಲು ಮುರಿಯುವ ಕೊಂಡಿ ಇದೇ.

ಕಾಟ್ಲಾ, ರೋಹು, ಮೃಗಾಲ್‌ನಂಥ ನಮ್ಮ ಗೆಂಡೆಮೀನುಗಳ ಮೊಟ್ಟೆಗೆ ಒಗ್ಗುವುದು ಸರಿಸುಮಾರು 26ರಿಂದ 31 ಡಿಗ್ರಿ. ಆಗ 14ರಿಂದ 18 ಗಂಟೆಯಲ್ಲಿ ಮರಿ ಹೊರಬರುತ್ತದೆ. ಅದಕ್ಕಿಂತ ಬಿಸಿಯಾದರೆ ಬೇಗ ಒಡೆಯುತ್ತದೆ. ಬೇಗ ಬಂತೆಂದು ಹಿಗ್ಗಬೇಡಿ, ಹಾಗೆ ಬಂದ ಮರಿ ಸಣ್ಣದೂ ದುರ್ಬಲವೂ ಆಗಿರುವುದೇ ಹೆಚ್ಚು. ತಂಪಾದರೆ ಬೆಳವಣಿಗೆ ಎಳೆದಾಡುತ್ತದೆ, ಸತ್ತ ಮೊಟ್ಟೆಗಳ ಮೇಲೆ ಬೂಷ್ಟು ಬೆಳೆಯಲು ಸಮಯ ಸಿಗುತ್ತದೆ.

ಮಾಡಬೇಕಾದ್ದು ದುಬಾರಿಯೇನಲ್ಲ. ಮೇಲಿನ ತೊಟ್ಟಿಯ ನೀರು ಮಧ್ಯಾಹ್ನ ಕಾದಿರುತ್ತದೆ, ಅದಕ್ಕೂ ಮೊಟ್ಟೆಯ ವೃತ್ತಾಕಾರದ ತೊಟ್ಟಿಗೂ ನೆರಳುಬಲೆ ಕಟ್ಟಿ. ಬಿಸಿಲಿಗೆ ಬಿದ್ದ ಕಪ್ಪು ಪೈಪನ್ನು ಮಣ್ಣಿನಲ್ಲಿ ಹೂಳಿ. ತಂಪಿಗೆಂದು ಕೊಳವೆಬಾವಿ ನೀರು ಬೆರೆಸುವುದಾದರೆ ಮೊದಲು ಶವರಿನಿಂದ ಚಿಮ್ಮಿಸಿ ಗಾಳಿಯಾಡಿಸಿ, ಏಕೆಂದರೆ ಅದರಲ್ಲಿ ಆಮ್ಲಜನಕ ಕಡಿಮೆ. ಬೆರೆಸುವುದೂ ನಿಧಾನವಾಗಿರಲಿ. ಮೊಟ್ಟೆ ಬಿಟ್ಟ ಹೊತ್ತನ್ನೂ ಪ್ರತಿ ಗಂಟೆಯ ನೀರಿನ ಬಿಸಿಯನ್ನೂ ಒಂದೇ ಪುಸ್ತಕದಲ್ಲಿ ಬರೆದಿಡಿ. ನಾಳೆ ಮರಿಗಳ ಬೆನ್ನು ಸೊಟ್ಟಗಿದ್ದರೆ, ಯಾವ ಗಂಟೆಯನ್ನು ಅನುಮಾನಿಸಬೇಕೆಂದು ಹುಡುಕಲು ನಿಮ್ಮ ಕೈಯಲ್ಲಿ ಆ ಪುಟವಾದರೂ ಇರುತ್ತದೆ.