ಇರಾನಿನ ಅರಮನೆ ನಮ್ಮ ಬೀದರಿನಲ್ಲಿ

ಪೆರುಂಗುಡಿಯ ಗಾಜಿನ ಕಚೇರಿಗಳು ಬಿಸಿಲಿಗೆ ಥಳಥಳ ಹೊಳೆಯುವುದನ್ನು ನೀವು ದಿನಾ ನೋಡುತ್ತೀರಿ. ಗೋಡೆಗೆ ಹೊಳಪು ಹೊದಿಸುವ ಆಸೆ ಬಹಳ ಹಳೆಯದು. ಸುಮಾರು 2500 ವರ್ಷಗಳ ಹಿಂದೆ ಪರ್ಷಿಯಾದ ದೊರೆ ದಾರಿಯಸ್ ಸೂಸಾ ನಗರದ ತನ್ನ ಅರಮನೆಗೆ ಬಣ್ಣದ ಮೆರುಗಿನ ಇಟ್ಟಿಗೆಗಳಲ್ಲಿ ಬಿಲ್ಲುಗಾರರ ಸಾಲನ್ನೇ ಮೂಡಿಸಿದ್ದ. ಆ ಬಿಲ್ಲುಗಾರರನ್ನು ನೋಡಲು ಈಗ ಪ್ಯಾರಿಸ್‌ನ ಲೂವ್ರ್‌ಗೆ ಹೋಗಬೇಕು. ಆದರೆ ಆ ನಾಡಿನ ಮೆರುಗಿನ ಕಲೆ ಮುಂದೆ ಎಲ್ಲಿಗೆ ಬಂತು ಎಂದು ನೋಡಲು ಬೀದರಿಗೆ ಹೋದರೆ ಸಾಕು!

ಬಹಮನಿ ಸುಲ್ತಾನ ಅಹ್ಮದ್ ಶಾಹ (ಆಳ್ವಿಕೆ 1422–1436) ಕಲಬುರಗಿಯಿಂದ ಬೀದರಿಗೆ ರಾಜಧಾನಿ ಬದಲಿಸಿದ. ಇರಾನಿನ ಕಿರ್ಮಾನ್ ಕಡೆಯ ಸೂಫಿ ಸಂತ ಶಾಹ ನಿಯಾಮತುಲ್ಲಾ ಎಂದರೆ ಅವನಿಗೆ ಅಪಾರ ಭಕ್ತಿ. ಸಂತರು ತಾವು ಬರಲಿಲ್ಲ, ಮೊಮ್ಮಗನನ್ನು ಕಳಿಸಿದರು. ಮಗ ಖಲೀಲುಲ್ಲಾ ಆಮೇಲೆ ಬಂದರು. ಆ ದಾರಿಯಲ್ಲೇ ಕವಿಗಳು, ಲಿಪಿಕಾರರು, ಕುಶಲಕರ್ಮಿಗಳೂ ಬಂದರು.

ಕೋಟೆಯ ತಖ್ತ್ ಮಹಲಿನ ಕಮಾನನ್ನು ತಲೆಯೆತ್ತಿ ನೋಡಿ. ಬೆನ್ನ ಮೇಲೆ ಉದಯಸೂರ್ಯನನ್ನು ಹೊತ್ತ ಹುಲಿ ಕಾಣುತ್ತದೆ. ಸಿಂಹ ಮತ್ತು ಸೂರ್ಯ ಇರಾನಿನ ಹಳೆಯ ಲಾಂಛನ. ಇಲ್ಲಿ ಸಿಂಹದ ಜಾಗಕ್ಕೆ ಹುಲಿ ಬಂದಿದೆ. ಸುತ್ತಲಿನ ಬಣ್ಣದ ಹೆಂಚುಗಳಲ್ಲಿ ಹೆಚ್ಚಿನವು ಉದುರಿಹೋಗಿವೆ. ಹತ್ತಿರದ ರಂಗೀನ್ ಮಹಲು ಇದ್ದುದರಲ್ಲಿ ಪುಣ್ಯವಂತ. 16ನೇ ಶತಮಾನದಲ್ಲಿ ಅಲಿ ಬರೀದ್ ಅದಕ್ಕೆ ಈಗಿನ ರೂಪ ಕೊಟ್ಟ. ಕರಿಕಲ್ಲಿನಲ್ಲಿ ಗೀರು ಕೊರೆದು ಮುತ್ತಿನ ಚಿಪ್ಪು ಕೂರಿಸಿದ್ದಾರೆ; ಹೆಂಚು ಪರ್ಷಿಯಾದ್ದು, ಕೆತ್ತಿದ ಮರದ ಕಂಬಗಳು ಮಾತ್ರ ಅಪ್ಪಟ ನಮ್ಮ ಕಡೆಯವು. ಕಪ್ಪಿನ ಮೇಲೆ ಬಿಳಿ ಎಂದಾಗ ನಿಮಗೆ ಬಿದರಿ ಹೂಜಿ ನೆನಪಾದರೆ ಆಶ್ಚರ್ಯವಿಲ್ಲ. ನನಗಂತೂ ಎರಡೂ ಒಂದೇ ಕಣ್ಣಿನ ಕೆಲಸ ಅನಿಸುತ್ತದೆ.

ಊರಾಚೆ ಸುಮಾರು 3 ಕಿ.ಮೀ. ದೂರದ ಅಷ್ಟೂರಿನಲ್ಲಿ ಅಹ್ಮದ್ ಶಾಹನ ಗೋರಿ ಇದೆ. ಹೊರಗಿನಿಂದ ಸಾದಾ ಗುಮ್ಮಟ. ಒಳಗೆ ಕಾಲಿಟ್ಟಾಗ ಮೊದಲು ಕತ್ತಲೆ. ಕಣ್ಣು ಹೊಂದಿಕೊಂಡ ಮೇಲೆ ಕೆಂಪಿನ ಮೇಲೆ ಚಿನ್ನದ ಅಕ್ಷರ, ಬಳ್ಳಿ, ಹೂವು, ಥೇಟ್ ಜಮಖಾನದ ಹಾಗೆ. ಆ ಅಕ್ಷರಗಳಲ್ಲಿ ನಿಯಾಮತುಲ್ಲಾರ ಗುರುಪರಂಪರೆಯೂ ಇದೆ. ಸ್ವಾರಸ್ಯವೇನೆಂದರೆ, ಈ ಸುಲ್ತಾನ ನಮ್ಮ ಜನರಿಗೆ ಅಲ್ಲಮಪ್ರಭುವೂ ಹೌದು. ಉರುಸಿಗೆ ಕಲಬುರಗಿ ಕಡೆಯಿಂದ ಜಂಗಮರು ಬರುತ್ತಾರೆ. ಹಿಂದೂ ಮುಸ್ಲಿಮರಿಬ್ಬರೂ ಕೈಮುಗಿಯುತ್ತಾರೆ. ಅಲ್ಲೇ ಸಮೀಪದ ಎಂಟು ಮೂಲೆಯ ಚೌಖಂಡಿಯಲ್ಲಿ ಖಲೀಲುಲ್ಲಾ ಮಲಗಿದ್ದಾರೆ. ಅದರ ಬಾಗಿಲ ಮೇಲಿನ ಕಲ್ಲಿನ ಬರಹ ಶಿರಾಜಿನ ಲಿಪಿಕಾರನ ಕೈಚಳಕ.

2014ರಲ್ಲಿ ವಿಶ್ವ ಸ್ಮಾರಕ ನಿಧಿ ಬೀದರನ್ನು ತನ್ನ ಕಾವಲು ಪಟ್ಟಿಗೆ ಸೇರಿಸಿತ್ತು. ಕಲ್ಲು ಉಳಿದೀತು, ಬಣ್ಣಕ್ಕೆ ಆಯಸ್ಸು ಕಡಿಮೆ. ರಜೆಗೆ ಊರಿಗೆ ಹೊರಟಾಗ ಎರಡು ದಿನ ಬೀದರಿಗೆ ಇಟ್ಟುಕೊಳ್ಳಿ. ರಂಗೀನ್ ಮಹಲಿಗೆ ಬೀಗ ಕಂಡರೆ ವಾಪಸಾಗಬೇಡಿ, ಕೋಟೆಯೊಳಗಿನ ಪುರಾತತ್ವ ಇಲಾಖೆಯವರನ್ನು ಕೇಳಿ. ಗೋರಿಯೊಳಗೆ ಮಕ್ಕಳು ಗೋಡೆ ಮುಟ್ಟದಂತೆ ನೋಡಿಕೊಳ್ಳಿ, ಕ್ಯಾಮೆರಾದ ಫ್ಲ್ಯಾಶ್ ಆರಿಸಿಡಿ.