ಕಟಕ್ ಎನ್ನುವ ದವಡೆ

ಕಳೆದ ವರ್ಷ ಯುಗಾದಿಯ ದಿನ ನಮ್ಮ ಮನೆಯಲ್ಲಿ ಒಬ್ಬಳು ಒಬ್ಬಟ್ಟು ತಿನ್ನಲಿಲ್ಲ. ಬೇವು-ಬೆಲ್ಲವನ್ನು ಹೇಗೋ ನಾಲಗೆಯ ಮೇಲೆ ಹಾಕಿಕೊಂಡ ನನ್ನ ಮಗಳು, ಒಬ್ಬಟ್ಟಿನ ಚೂರನ್ನು ಬಾಯಿಗಿಡಲು ಹೋಗಿ ಹಾಗೆಯೇ ನಿಂತಳು. "ಅಮ್ಮಾ, ಬಾಯಿ ತೆರೆಯೋಕೆ ಆಗ್ತಾ ಇಲ್ಲ" ಎಂದಳು, ಹಲ್ಲಿನ ಸಂದಿಯಿಂದಲೇ. ನಾನು ತಮಾಷೆಯೆಂದುಕೊಂಡೆ. ಅವಳ ಕಣ್ಣಲ್ಲಿ ನೀರು ನೋಡಿದ ಮೇಲೆ ಕೈಯಲ್ಲಿದ್ದ ತುಪ್ಪದ ಚಮಚ ಕೆಳಗಿಟ್ಟೆ. ಅವಳ ಹಲ್ಲುಗಳ ನಡುವೆ ಒಂದೂವರೆ ಬೆರಳಿಗಿಂತ ಹೆಚ್ಚು ಜಾಗ ಬಿಡುತ್ತಿರಲಿಲ್ಲ. ನಮ್ಮ ಯಜಮಾನರು "ಧನುರ್ವಾಯುವೇನೋ" ಎಂದುಬಿಟ್ಟರು. ಆ ಒಂದು ಮಾತಿಗೆ ಹಬ್ಬ ಮುಗಿದೇ ಹೋಯಿತು.

ಧನುರ್ವಾಯುವಲ್ಲ. ದವಡೆಯ ಕೀಲು ಹಿಡಿದುಕೊಂಡಿತ್ತು. ಈ ಕಾಯಿಲೆ ಹೆಚ್ಚಾಗಿ ಕಾಣುವುದು 20ರಿಂದ 40ರ ವಯಸ್ಸಿನಲ್ಲಿ, ಅದರಲ್ಲೂ ಹುಡುಗಿಯರಲ್ಲಿ ಎಂದು ಆಮೇಲೆ ತಿಳಿಯಿತು. ಅಂದರೆ ಈ ಪುಟಗಳನ್ನು ಓದುವ ನಿಮ್ಮ ವಯಸ್ಸಿನಲ್ಲೇ. ಅದಕ್ಕೇ ಸಂಘದ ಪತ್ರಿಕೆಗೆ ಅಡುಗೆಯ ಲೇಖನ ಕೇಳಿದವರಿಗೆ ನಾನು ಇದನ್ನು ಬರೆದುಕೊಡುತ್ತಿದ್ದೇನೆ.

ನಿಮ್ಮ ಎರಡು ಬೆರಳುಗಳನ್ನು ಕಿವಿಯ ಮುಂದೆ ಇಟ್ಟು ನಿಧಾನವಾಗಿ ಬಾಯಿ ತೆರೆದು ನೋಡಿ. ಬೆರಳ ಕೆಳಗೆ ಏನೋ ಗುಂಡಗಿನದು ಮೊದಲು ತಿರುಗಿ, ಆಮೇಲೆ ಮುಂದಕ್ಕೆ ಜಾರುತ್ತದಲ್ಲ, ಅದೇ ಈ ಕೀಲು. ಕೆಳದವಡೆಯ ಮೂಳೆಯ ಗುಂಡು ತುದಿ, ತಲೆಬುರುಡೆಯ ಪಕ್ಕದ ಮೂಳೆಯ ಗುಳಿಯಲ್ಲಿ ಕೂತಿರುತ್ತದೆ. ನಡುವೆ ನಾರಿನಿಂದಾದ ಒಂದು ಸಣ್ಣ ಬಿಲ್ಲೆ, ಬೀಸುವ ಕಲ್ಲುಗಳ ನಡುವೆ ಬಟ್ಟೆ ಇಟ್ಟ ಹಾಗೆ. ಬಾಗಿಲ ತಿರುಗಣಿಯಂತೆ ತಿರುಗುವುದಷ್ಟೇ ಅಲ್ಲ, ಮೇಜಿನ ಡ್ರಾಯರಿನಂತೆ ಮುಂದಕ್ಕೂ ಬರುತ್ತದೆ. ಸಾಲದ್ದಕ್ಕೆ ಕೆಳದವಡೆ ಒಂದೇ ಮೂಳೆಯಾದ್ದರಿಂದ ಎಡ ಬಲ ಎರಡು ಕೀಲುಗಳೂ ಒಟ್ಟಿಗೇ ನಡೆಯಬೇಕು. ಮೊಣಕೈಗೆ ನೋವಾದರೆ ಇನ್ನೊಂದು ಕೈ ಇದೆ ಎನ್ನಬಹುದು, ಇಲ್ಲಿ ಆ ಮಾತಿಲ್ಲ.

ಇಂಗ್ಲಿಷ್ ಬಿ.ಎ. ಓದಿದವಳಾದರೂ 'ಟೆಂಪೊರೊಮ್ಯಾಂಡಿಬ್ಯುಲರ್' ಎಂಬ ಪದವನ್ನು ನಾನು ಮೂರು ಸಲ ತಡವರಿಸಿ ಓದಿದೆ. ವೈದ್ಯರು ಚಿಕ್ಕದಾಗಿ ಟಿ.ಎಂ.ಜೆ. ಎನ್ನುತ್ತಾರೆ. ದವಡೆಯ ಕೀಲು ಎಂದರೆ ಸಾಕು, ನಮ್ಮ ಅಜ್ಜಿಗೂ ಅರ್ಥವಾಗುತ್ತಿತ್ತು.

ನಿಜ ಹೇಳಬೇಕೆಂದರೆ ಕಾಯಿಲೆ ಯುಗಾದಿಯಂದು ಬಂದದ್ದಲ್ಲ. ನಾಲ್ಕಾರು ವರ್ಷಗಳಿಂದ ಇವಳು ಚಕ್ಕುಲಿ ತಿನ್ನುವಾಗ, ಆಕಳಿಸುವಾಗ ಕಿವಿಯ ಹತ್ತಿರ 'ಕಟಕ್' ಎನ್ನುತ್ತಿತ್ತು. ಅಣ್ಣ ಹಾಸ್ಯ ಮಾಡುತ್ತಿದ್ದ. ಬಿಲ್ಲೆ ಸ್ವಲ್ಪ ಮುಂದಕ್ಕೆ ಸರಿದಿದ್ದರೆ ಬಾಯಿ ತೆರೆಯುವಾಗ ಮೂಳೆಯ ತುದಿ ಅದರ ಮೇಲೆ ಹತ್ತಿ ಕೂರುವ ಶಬ್ದ ಅದು. ಎಷ್ಟೋ ಜನಕ್ಕೆ ಈ ಶಬ್ದವಿರುತ್ತದೆ. ನೋವಿಲ್ಲದಿದ್ದರೆ ಅದಕ್ಕೆ ಚಿಕಿತ್ಸೆಯೇ ಬೇಡ. ಆದರೆ ಇವಳಿಗೆ ಚಳಿಗಾಲದಿಂದ ಬಲಗಿವಿಯ ನೋವೂ ಇತ್ತು, ಬೆಳಿಗ್ಗೆ ಎದ್ದಾಗ ಕಪಾಲದಲ್ಲಿ ಬಿಗಿತ, ತಲೆನೋವು. ಕಿವಿಗೆ ಹನಿ ಔಷಧ ಹಾಕಿಸಿದೆವು. ಕಿವಿಯಲ್ಲಿ ಏನೂ ಇರಲಿಲ್ಲ. ಆಮೇಲೆ ಹಲ್ಲುನೋವೆಂದು ಒಂದು ಕಡೆ ರೂಟ್ ಕೆನಾಲ್ ಮಾಡಿದರು. ನೋವು ಹೋಗಲಿಲ್ಲ, ಹಲ್ಲಿನ ಜೀವ ಮಾತ್ರ ಹೋಯಿತು. ಇವಳು ರಾತ್ರಿ ಹಲ್ಲು ಕಡಿಯುವುದನ್ನು ಕೇಳಿ ನಾನು ಹೊಟ್ಟೆಯಲ್ಲಿ ಜಂತುಹುಳು ಇರಬೇಕೆಂದು ಮಾತ್ರೆಯನ್ನೂ ನುಂಗಿಸಿದ್ದೆ! ನಮ್ಮ ಹಾಸನದ ಕಡೆ ಹಾಗೆಯೇ ಹೇಳುವುದು. ಪಾಪ, ಹುಳು ಇದ್ದರೆ ತಾನೇ?

ಬಾಯಿ ಹಿಡಿದುಕೊಂಡ ಮೇಲೆ ಒಬ್ಬ ದಂತವೈದ್ಯರು, "ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಸರಿಯಾಗಿ ಕೂರುತ್ತಿಲ್ಲ, ಎಂಟು ಹಲ್ಲು ಉಜ್ಜಿ ಕ್ಯಾಪ್ ಹಾಕೋಣ" ಎಂದು ಒಂದು ಸ್ಕೂಟರಿನ ಬೆಲೆ ಹೇಳಿದರು. ನಾವು ದುಡ್ಡು ಹೊಂದಿಸಲೂ ಹೊರಟಿದ್ದೆವು. ತಡೆದವರು ನಮ್ಮ ಕುಟುಂಬ ವೈದ್ಯರು. "ಉಜ್ಜಿದ ಹಲ್ಲು ಮತ್ತೆ ಬೆಳೆಯೋದಿಲ್ಲಮ್ಮ. ಮೊದಲು ಯಾವುದಾದರೂ ದಂತ ಕಾಲೇಜಿಗೆ ಹೋಗಿ ಬನ್ನಿ" ಎಂದರು. ಮುಂಬಯಿಯಲ್ಲಿ ಇದಕ್ಕೆ ಬರಗಾಲವಿಲ್ಲ. ಮುಂಬಯಿ ಸೆಂಟ್ರಲ್ ಬಳಿ ನಗರಪಾಲಿಕೆಯ ನಾಯರ್ ದಂತ ಆಸ್ಪತ್ರೆಯಿದೆ, ಸಿ.ಎಸ್.ಎಂ.ಟಿ. ಹತ್ತಿರ ಸರಕಾರಿ ದಂತ ಕಾಲೇಜಿದೆ. ಸಾಲು ಉದ್ದ, ಆದರೆ ನೋಡುವ ಕಣ್ಣುಗಳೂ ಹೆಚ್ಚು.

ನಾವು ಹೋದ ಕಾಲೇಜಿನಲ್ಲಿ ಒಬ್ಬ ವೈದ್ಯೆ ಮೊದಲು ಅಳತೆಪಟ್ಟಿ ತೆಗೆದರು. ಬಾಯಿ ಸಾಮಾನ್ಯವಾಗಿ 40 ಮಿಲಿಮೀಟರಿನಷ್ಟಾದರೂ ತೆರೆಯಬೇಕು, ಸುಮಾರಾಗಿ ನಮ್ಮದೇ ಮೂರು ಬೆರಳು. ಇವಳದು 24. ಕೆನ್ನೆಯ ಸ್ನಾಯು, ಕಪಾಲದ ಸ್ನಾಯು ಒತ್ತಿ ನೋಡಿದರು. ಒತ್ತಿದ ಕೂಡಲೇ "ಇದೇ ಕಿವಿನೋವು!" ಎಂದು ಮಗಳು ಕೂಗಿದಳು. ಕಿವಿಯದಲ್ಲದ ನೋವು ಕಿವಿಯದೆಂದು ತೋರುತ್ತಿತ್ತು ಅಷ್ಟೇ. ಸರಿದ ಬಿಲ್ಲೆ ಈಗ ಮುಂದೆಯೇ ಸಿಕ್ಕಿಕೊಂಡು, ಮೂಳೆಯನ್ನು ಜಾರಲು ಬಿಡುತ್ತಿಲ್ಲ ಎಂದು ವಿವರಿಸಿದರು. 'ಕಟಕ್' ಶಬ್ದ ನಿಂತುಹೋದದ್ದನ್ನು ನಾವು ಗಮನಿಸಿಯೇ ಇರಲಿಲ್ಲ.

"ನೀನು ಹಗಲಲ್ಲಿ ಹಲ್ಲು ಕಚ್ಚಿಕೊಂಡಿರುತ್ತೀಯಾ?" ಎಂದು ಅವರು ಕೇಳಿದರು. "ಇಲ್ಲ" ಎಂದಳು. "ಈಗ ನಿನ್ನ ಹಲ್ಲು ಹೇಗಿದೆ?" ಎಂದರು. ಕಚ್ಚಿಕೊಂಡಿತ್ತು.

ಈ ಪ್ರಶ್ನೆಯನ್ನು ನೀವೂ ಕೇಳಿಕೊಳ್ಳಿ, ಈಗಲೇ. ಅಗಿಯುವಾಗ, ಉಗುಳು ನುಂಗುವಾಗ ಬಿಟ್ಟರೆ ಮೇಲಿನ ಹಲ್ಲು ಕೆಳಗಿನದಕ್ಕೆ ತಾಗಿರಬೇಕಾಗಿಲ್ಲವಂತೆ. ತುಟಿ ಮುಚ್ಚಿರಬೇಕು, ಹಲ್ಲು ಬಿಟ್ಟಿರಬೇಕು. 'ನ್' ಎಂದು ಹೇಳಿ ಅಲ್ಲೇ ನಿಲ್ಲಿಸಿ, ನಾಲಗೆಯ ತುದಿ ಎಲ್ಲಿದೆಯೋ ಅದೇ ಅದರ ವಿಶ್ರಾಂತಿಯ ಜಾಗ. ಡೊಂಬಿವಲಿಯಿಂದ ಅಂಧೇರಿಯವರೆಗೆ ಎರಡು ರೈಲು ಬದಲಿಸಿ, ಗುದ್ದಾಡಿ ಹತ್ತಿ ಇಳಿದು, ದಿನವಿಡೀ ಕಂಪ್ಯೂಟರಿಗೆ ಕತ್ತು ಚಾಚಿ, ಭುಜ ಮತ್ತು ಕಿವಿಯ ನಡುವೆ ಫೋನು ಸಿಕ್ಕಿಸಿ ಮಾತಾಡಿ, ರಾತ್ರಿ ಸಿ.ಎ. ಪರೀಕ್ಷೆಗೆ ಓದುವ ಹುಡುಗಿ ಹಲ್ಲು ಕಚ್ಚದೆ ಇನ್ನೇನು ಮಾಡುತ್ತಾಳೆ? "ಇನ್ನೊಂದು ವರ್ಷ ಹಲ್ಲು ಕಚ್ಚಿಕೊಂಡು ಓದು ಪುಟ್ಟಿ" ಎಂದು ನಾನೇ ಎಷ್ಟು ಸಲ ಹೇಳಿದ್ದೆನೋ. ಅವಳು ಅಕ್ಷರಶಃ ಪಾಲಿಸಿದ್ದಳು.

ಮಾನಸಿಕ ಒತ್ತಡ ಒಂದೇ ಕಾರಣವೆಂದಲ್ಲ. ಗದ್ದಕ್ಕೆ ಬಿದ್ದ ಪೆಟ್ಟು, ಸಂಧಿವಾತ, ಉಗುರು ಕಚ್ಚುವ, ಚ್ಯೂಯಿಂಗ್ ಗಮ್ ಅಗಿಯುವ ಅಭ್ಯಾಸ, ನಿದ್ದೆಗೇಡು, ಇವೆಲ್ಲ ಸೇರಿಕೊಳ್ಳುತ್ತವೆ. ಹಲ್ಲಿನ ಕೂಡಿಕೆಯೇ ಮೂಲವೆಂಬ ನಂಬಿಕೆಗೆ ಒಂದು ಚರಿತ್ರೆಯಿದೆ. ಅಮೆರಿಕದ ಸೇಂಟ್ ಲೂಯಿಸ್‌ನ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟೆನ್ 1934ರಲ್ಲಿ, ಹಿಂಬದಿಯ ಹಲ್ಲು ಕಳೆದುಕೊಂಡವರ ದವಡೆ ಹೆಚ್ಚು ಮುಚ್ಚಿಕೊಂಡು ಕಿವಿಯ ಬಳಿಯ ನರಗಳನ್ನು ಒತ್ತುತ್ತದೆ ಎಂದು ಬರೆದರು. ದೇಹರಚನೆಯ ಲೆಕ್ಕದಲ್ಲಿ ಅದು ಸರಿಯಲ್ಲವೆಂದು ಮುಂದೆ ತಿಳಿಯಿತು. ಆದರೂ ಹಲ್ಲು ಉಜ್ಜಿ ಸರಿಮಾಡುವ ಪದ್ಧತಿ ದಶಕಗಳ ಕಾಲ ನಡೆಯಿತು. 1980ರ ದಶಕದಲ್ಲಿ ಅಮೆರಿಕದಲ್ಲೇ ಕೀಲಿನ ಬಿಲ್ಲೆ ತೆಗೆದು ಟೆಫ್ಲಾನ್ ಕೂಡಿದ ಕೃತಕ ಬಿಲ್ಲೆ ಕೂರಿಸಿದರು. ನಮ್ಮ ದೋಸೆ ಕಾವಲಿಯ ಟೆಫ್ಲಾನೇ. ಅದು ಚೂರಾಗಿ ಸುತ್ತಲ ಮೂಳೆಯನ್ನೇ ಸವೆಸಿದ ಮೇಲೆ 1991ರಲ್ಲಿ ಅಲ್ಲಿನ ಸರಕಾರ ಅದನ್ನು ಹಿಂದಕ್ಕೆ ಪಡೆಸಿತು. ಅವಸರದ ಚಿಕಿತ್ಸೆಯಿಂದ ನರಳಿದವರ ಕಥೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾವು ಎಂಟು ಹಲ್ಲಿಗೆ ಹೂಂ ಎನ್ನಲು ಎಷ್ಟು ಹತ್ತಿರವಿದ್ದೆವು!

ಹಾಗಾದರೆ ಮಾಡಬೇಕಾದದ್ದೇನು? 2023ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಬಿ.ಎಂ.ಜೆ. ವೈದ್ಯಕೀಯ ಪತ್ರಿಕೆಯಲ್ಲಿ ಬಹುಕಾಲದ ದವಡೆನೋವಿಗೆ ಒಂದು ಮಾರ್ಗದರ್ಶಿ ಪ್ರಕಟವಾಯಿತು. ಅದು ಬಲವಾಗಿ ಶಿಫಾರಸು ಮಾಡಿದ್ದು ಸರಳವಾದವುಗಳನ್ನೇ: ಯೋಚನೆಯ ಮತ್ತು ಅಭ್ಯಾಸದ ರೀತಿ ಬದಲಿಸುವ ಮನಶ್ಶಾಸ್ತ್ರದ ಚಿಕಿತ್ಸೆ, ತಜ್ಞರು ಕಲಿಸುವ ದವಡೆಯ ಮತ್ತು ಭಂಗಿಯ ವ್ಯಾಯಾಮ, ಸ್ನಾಯುವಿನ ಗಂಟುಗಳನ್ನು ಕೈಯಿಂದ ಒತ್ತಿ ಸಡಿಲಿಸುವುದು, ಜೊತೆಗೆ ಕಾಯಿಲೆಯ ಬಗ್ಗೆ ತಿಳಿಹೇಳಿ ಧೈರ್ಯ ತುಂಬುವುದು. ಬಿಲ್ಲೆ ತೆಗೆಯುವ ಶಸ್ತ್ರಚಿಕಿತ್ಸೆ ಬೇಡವೆಂದು ಅಷ್ಟೇ ಬಲವಾಗಿ ಹೇಳಿತು. ರಾತ್ರಿ ಹಾಕಿಕೊಳ್ಳುವ ಸ್ಪ್ಲಿಂಟ್, ಬೊಟಾಕ್ಸ್ ಚುಚ್ಚುಮದ್ದು, ಕೀಲನ್ನು ಸೂಜಿಯಿಂದ ತೊಳೆಯುವುದು ಇವುಗಳ ಪರವಾಗಿಯೂ ಅದು ನಿಲ್ಲಲಿಲ್ಲ. ಆದರೂ ಹಲ್ಲು ಸವೆಯುತ್ತಿರುವವರಿಗೆ ದಂತವೈದ್ಯರು ಸ್ಪ್ಲಿಂಟ್ ಕೊಡುತ್ತಾರೆ, ಹಲ್ಲು ಉಳಿಸಲು. ನಮ್ಮ ವೈದ್ಯೆಯೂ ಕೊಟ್ಟರು. "ಇದು ಹಲ್ಲಿಗೆ, ನೋವಿಗೆ ಇದನ್ನೇ ನಂಬಬೇಡ" ಎಂದು ಮೊದಲೇ ಹೇಳಿದರು. ಆ ಮಾತು ನನಗೆ ಹಿಡಿಸಿತು.

ಮನೆಯಲ್ಲಿ ನಾವು ಮಾಡಿದ್ದಿಷ್ಟು. ಮೊದಲ ಎರಡು ವಾರ ಮೆತ್ತಗಿನ ಊಟ. ಪೊಂಗಲ್, ಬಿಸಿಬೇಳೆಭಾತ್, ಮೊಸರನ್ನ, ಇಡ್ಲಿ. ರಾಗಿಮುದ್ದೆಯಂತೂ ಈ ಕಾಯಿಲೆಗೇ ಹುಟ್ಟಿದಂತಿದೆ, ಅಗಿಯುವ ಮಾತೇ ಇಲ್ಲ, ನುಂಗಿದರಾಯಿತು. ಇಷ್ಟು ವರ್ಷ ಮುದ್ದೆ ಕಂಡರೆ ಮುಖ ತಿರುಗಿಸುತ್ತಿದ್ದವಳು ಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗಲು ಕಲಿತಳು. ಕಬ್ಬು, ಕೋಡುಬಳೆ, ಹುರಿಗಾಳು, ವಡಾಪಾವ್ ಬಂದ್. ದಿನಕ್ಕೆರಡು ಸಲ ಬಿಸಿನೀರಲ್ಲಿ ಹಿಂಡಿದ ಟವೆಲ್ ಕೆನ್ನೆಗೆ ಹದಿನೈದು ನಿಮಿಷ. ಕೆಲವು ದಿನ ನೋವಿನ ಮಾತ್ರೆ, ವೈದ್ಯರು ಹೇಳಿದಷ್ಟೇ. ಆಮೇಲೆ ವಾರಕ್ಕೊಮ್ಮೆ ಫಿಸಿಯೋಥೆರಪಿ, ದಿನವೂ ಕನ್ನಡಿಯ ಮುಂದೆ ನಿಧಾನವಾಗಿ ಬಾಯಿ ತೆರೆದು ಮುಚ್ಚುವ ವ್ಯಾಯಾಮ. ಆಕಳಿಕೆ ಬಂದರೆ ಗದ್ದದ ಕೆಳಗೆ ಮುಷ್ಟಿ ಕೊಟ್ಟು ತಡೆಯಬೇಕು. ನಮ್ಮಜ್ಜಿ ಆಕಳಿಸುವಾಗ ಬಾಯಿಯ ಮುಂದೆ ಚಿಟಿಕೆ ಹೊಡೆಯುತ್ತಿದ್ದರು, ಇವಳು ಮುಷ್ಟಿ ಹಿಡಿಯುತ್ತಾಳೆ.

ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಒಂದು ಹಾಳೆ ಬಿಂದಿ. ಕೆಂಪು ಬಿಂದಿಗಳನ್ನು ಕಂಪ್ಯೂಟರಿನ ಮೂಲೆಗೆ, ರೈಲಿನ ಪಾಸಿಗೆ, ಫ್ರಿಜ್ಜಿನ ಬಾಗಿಲಿಗೆ, ಪುಸ್ತಕಗಳಿಗೆ ಅಂಟಿಸಿದಳು. ಬಿಂದಿ ಕಂಡಾಗಲೆಲ್ಲ ಹಲ್ಲು ಬಿಡಬೇಕು, ಭುಜ ಇಳಿಸಬೇಕು. ಆ ಸಲದ ಪರೀಕ್ಷೆಗೆ ಕೂರಲಿಲ್ಲ. ಅದನ್ನು ಹೇಳಲು ಅವಳಿಗೆ ಒಂದು ವಾರ ಬೇಕಾಯಿತು, ಕೇಳಿಸಿಕೊಳ್ಳಲು ನಮಗೂ.

ಆದರೆ ದವಡೆಯ ನೋವೆಲ್ಲ ಕೀಲಿನದೆಂದು ತಿಳಿಯಬೇಡಿ. ನಿಮ್ಮ ತಂದೆತಾಯಿಗೆ ಎದೆ ಒತ್ತಿ, ಬೆವರಿ, ದವಡೆ ನೋಯುತ್ತಿದ್ದರೆ ಅದು ಹೃದಯದ್ದಿರಬಹುದು, ತಕ್ಷಣ ಆಸ್ಪತ್ರೆಗೆ ಓಡಿ. ಐವತ್ತು ದಾಟಿದವರಿಗೆ ಅಗಿಯುವಾಗ ದವಡೆ ಸೋತು, ಕಪಾಲ ನೋವಾಗಿ, ಕಣ್ಣು ಮಂಜಾದರೆ ಅದು ರಕ್ತನಾಳದ ಉರಿಯೂತವಿರಬಹುದು. ತಡಮಾಡಿದರೆ ದೃಷ್ಟಿಯೇ ಹೋಗುವ ಭಯವಿದೆ. ಕರೆಂಟು ಹೊಡೆದಂತೆ ಕ್ಷಣ ಕ್ಷಣ ಬರುವ ನೋವು ಮುಖದ ನರದ್ದು. ಜ್ವರ, ಊತವಿದ್ದರೆ ಬುದ್ಧಿಹಲ್ಲಿನ ಸೋಂಕನ್ನು ನೋಡಬೇಕು. ಇನ್ನೊಂದು, ಗುಟ್ಕಾ, ಮಾವಾ, ಅಡಿಕೆ ಹಾಕುವ ಹುಡುಗರಿಗೆ ಖಾರ ತಿಂದರೆ ಬಾಯಿ ಉರಿದು, ತೆರೆಯುವುದು ದಿನೇ ದಿನೇ ಕಡಿಮೆಯಾದರೆ, ಕೀಲು ಸರಿಯಾಗಿಯೇ ಇರುತ್ತದೆ, ಬಾಯೊಳಗಿನ ಚರ್ಮ ನಾರುಗಟ್ಟಿರುತ್ತದೆ. ಅದು ಕ್ಯಾನ್ಸರಿಗೆ ತಿರುಗಬಲ್ಲದು. ಮಹಾರಾಷ್ಟ್ರದಲ್ಲಿ ಗುಟ್ಕಾ 2012ರಲ್ಲೇ ನಿಷೇಧವಾಗಿದೆ, ನಿಲ್ದಾಣದ ಹೊರಗೆ ಏನು ಸಿಗುತ್ತದೆಂದು ನಿಮಗೇ ಗೊತ್ತು. ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲಿ ಹೇಳಿದೆ. ಅಡಿಕೆ ತೋಟದ ನೆಂಟರಿರುವ ನನಗೆ ಇದನ್ನು ಬರೆಯುವುದು ಸುಲಭವಲ್ಲ.

ಮಗಳ ಬಾಯಿ ಮೂರು ತಿಂಗಳಲ್ಲಿ 38 ಮಿಲಿಮೀಟರಿಗೆ ಬಂತು. ಬಿಲ್ಲೆ ತನ್ನ ಜಾಗಕ್ಕೆ ಹೋಯಿತೇ ಎಂದು ಕೇಳಿದೆ. "ಬಹುಶಃ ಇಲ್ಲ. ಆದರೆ ಕೀಲು ಅದಿಲ್ಲದೆಯೂ ಹೊಂದಿಕೊಂಡಿದೆ" ಎಂದರು ವೈದ್ಯೆ. ಜೀವ ಕಳೆದುಕೊಂಡ ಹಲ್ಲು ಮಾತ್ರ ಹಾಗೆಯೇ ಇದೆ, ಟೋಪಿ ಹಾಕಿಕೊಂಡು.

ಈ ಯುಗಾದಿಗೆ ಅವಳು ಎರಡು ಒಬ್ಬಟ್ಟು ತಿಂದಳು, ಸಣ್ಣ ಚೂರು ಮಾಡಿಕೊಂಡು. ನಾನು ಮೂರನೆಯದಕ್ಕೆ ಕಣಕ ತಟ್ಟುತ್ತಿದ್ದಾಗ ಪಕ್ಕದಲ್ಲಿ ಬಂದು ನನ್ನ ಕೆನ್ನೆಗೆ ಬೆರಳು ಮುಟ್ಟಿಸಿದಳು.

"ಅಮ್ಮಾ, ಹಲ್ಲು ಬಿಡು" ಎಂದಳು.